5 ಸೆಂ.ಮೀ. ಮೈಕ್, 20 ಸೆಂ.ಮೀ. ಮೈಕ್: ಶಿರಸಿಯ ಹಂಚಿನ ಮನೆಯಲ್ಲೊಂದು ಹೋಲಿಕೆ

ಹೊರದೇಶದಲ್ಲಿರುವ ಶಿಷ್ಯೆಯರಿಗೆ ಪಾಠವನ್ನು ಫೋನಿನಲ್ಲೇ ಹಾಡಿ ಕಳಿಸುತ್ತಿದ್ದೆ. ಒಬ್ಬಳು ಒಂದು ದಿನ, "ಟೀಚರ್, ಗಮಕ ಎಲ್ಲಿಗೆ ಹೋಗಿ ನಿಲ್ತದೆ ಅಂತ ಕೇಳೋದೇ ಇಲ್ಲ" ಅಂದಳು. ನಾನೇ ಕೇಳಿ ನೋಡಿದೆ. ಅವಳು ಹೇಳಿದ್ದು ನಿಜ. ಸ್ವರ ಸಣ್ಣದಾಗುತ್ತಾ ಬರುವ ಜಾಗದಲ್ಲಿ ಫೋನು ಅದನ್ನು ಗದ್ದಲವೆಂದು ತಿಳಿದು ಅಳಿಸಿಬಿಡುತ್ತಿತ್ತು. ನನ್ನ ಪಾಠದ ಜೀವವೇ ಆ ಜಾಗದಲ್ಲಿದೆ. ಸರಿಯಾದ ಮೈಕ್ ಹುಡುಕಲು ಹೊರಟಿದ್ದು ಅದಕ್ಕಾಗಿ.

ಕಛೇರಿಗೆಂದು ಇಟ್ಟುಕೊಂಡಿದ್ದ ಶೂರ್ ಎಸ್‌ಎಂ 58 ಮನೆಯಲ್ಲೇ ಇತ್ತು. ಗೆಳತಿಯಿಂದ ರೋಡ್ ಕಂಪನಿಯ ಎನ್‌ಟಿ1-ಎ ಬಂತು, ಶಿಷ್ಯನೊಬ್ಬನಿಂದ ಆಡಿಯೊ-ಟೆಕ್ನಿಕಾ ಎಟಿ 2020. ಹುಬ್ಬಳ್ಳಿಯ ಪರಿಚಯದವರೊಬ್ಬರು ಶೂರ್ ಎಸ್‌ಎಂ 7ಬಿ ಮೈಕನ್ನು ಒಂದು ವಾರದ ಮಟ್ಟಿಗೆ ಕೊಟ್ಟರು. ಮೈಕಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಪ್ರಿಆಂಪ್ ಕಡೆಯಿಂದ ಎರಡು: ಮೂರನೇ ಪೀಳಿಗೆಯ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಮತ್ತು ಆಡಿಯೆಂಟ್ ಐಡಿ4. ಎರಡೂ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಇಂಟರ್‌ಫೇಸ್‌ಗಳೇ, ಪ್ರಿಆಂಪ್ ಅವುಗಳ ಒಳಗೇ ಇದೆ.

ನಮ್ಮದು ಹಂಚಿನ ಮನೆ. ಹಗಲು ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯುವ ಯಂತ್ರ, ಕುಕ್ಕರ್ ಸೀಟಿ, ರಸ್ತೆಯಲ್ಲಿ ಬಸ್ಸಿನ ಹಾರನ್. ರಾತ್ರಿ ಜೀರುಂಡೆ. ನಡುಮನೆಯ ಗಾರೆ ನೆಲ, ಬರಿಗೋಡೆಗಳ ನಡುವೆ ಹಾಡಿದರೆ ದನಿ ತಿರುಗಿ ಬರುತ್ತದೆ. ಹಾಗಾಗಿ ಒಳಗಿನ ಸಣ್ಣ ಕೋಣೆಯಲ್ಲಿ ಕುಳಿತೆ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಬೆನ್ನ ಹಿಂದಿನ ಗೋಡೆಗೆ ಅಮ್ಮನ ಹಳೆಯ ಕೌದಿಗಳನ್ನು ಇಳಿಬಿಟ್ಟೆ. ಫೋನಿನ ಆ್ಯಪ್ ಆ ಕೋಣೆಯಲ್ಲಿ ರಾತ್ರಿ 34 ಡೆಸಿಬಲ್ ತೋರಿಸಿತು, ಹಗಲು 45ರ ಆಸುಪಾಸು. ಫೋನಿನ ಅಳತೆ ಕರಾರುವಾಕ್ಕಲ್ಲ, ಆದರೂ ಈ 34ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಡಿದ್ದು ಪ್ರತಿ ಸಲವೂ ಒಂದೇ: ಐದು ಮನೆ ಶ್ರುತಿಯಲ್ಲಿ ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಒಂದು ಆಲಾಪ, ಆಮೇಲೆ ಒಂದು ದೇವರನಾಮದ ಪಲ್ಲವಿ. ಸಾಹಿತ್ಯದಲ್ಲಿ ಪ, ಭ, ಶ, ಸ, ಳ ಎಲ್ಲವೂ ಇರುವಂತೆ ನೋಡಿಕೊಂಡಿದ್ದೆ. ಕನ್ನಡ ಹಾಡುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪ, ಭ ಬಂದಾಗ ಗಾಳಿ ನೇರ ಮೈಕಿಗೆ ಬಡಿಯುತ್ತದೆ. ಮೇಲಿನ ಕಂಪನಗಳನ್ನು ಎತ್ತಿ ತೋರಿಸುವ ಮೈಕಾದರೆ ಶ, ಸ ಕಿವಿಗೆ ಚುಚ್ಚುತ್ತವೆ.

ಮೊದಲ ದಿನದ ತೀರ್ಪು ಎಲ್ಲರೂ ಹೇಳುವಂಥದ್ದೇ: ಡೈನಾಮಿಕ್ ಮೈಕ್ (ಹೊರಗಿನ ವಿದ್ಯುತ್ ಬೇಡದ ಬಗೆ, ಎರಡು ಶೂರ್‌ಗಳೂ ಇದೇ) ಕೋಣೆಯ ಸದ್ದು ಹಿಡಿಯುವುದಿಲ್ಲ, ಕಂಡೆನ್ಸರ್ (ವಿದ್ಯುತ್ ಬೇಕಾದ ಬಗೆ, ಉಳಿದೆರಡು) ಎಲ್ಲವನ್ನೂ ಹಿಡಿಯುತ್ತದೆ. ಎಸ್‌ಎಂ 58ರಲ್ಲಿ ಫ್ಯಾನಿನ ಸದ್ದು ಕೇಳಲೇ ಇಲ್ಲ. ಎನ್‌ಟಿ1-ಎಯಲ್ಲಿ ಫ್ಯಾನು, ಗೋಡೆ ಗಡಿಯಾರ, ದೂರದ ನಾಯಿ ಎಲ್ಲವೂ ಇದ್ದವು. ಆಗ ಅಕ್ಕನ ಮಗ ಕೇಳಿದ: "ಚಿಕ್ಕಮ್ಮ, ಎರಡೂ ಮೈಕನ್ನ ಬಾಯಿಂದ ಒಂದೇ ದೂರ ಇಟ್ಟಿದ್ದೆಯಾ?"

ಇಟ್ಟಿರಲಿಲ್ಲ. ಎಸ್‌ಎಂ 58ನ್ನು ವೇದಿಕೆಯ ಅಭ್ಯಾಸದಂತೆ ತುಟಿಯಿಂದ 5 ಸೆಂ.ಮೀ. ದೂರದಲ್ಲಿ, ಕಂಡೆನ್ಸರನ್ನು ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ ಹಾಕಿ 20 ಸೆಂ.ಮೀ. ದೂರದಲ್ಲಿ ಹಿಡಿದಿದ್ದೆ. ಮೂಲದಿಂದ ಇರುವ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. 5ರಿಂದ 20ಕ್ಕೆ ಎರಡು ಸಲ ಇಮ್ಮಡಿ, ಅಂದರೆ 12 ಡೆಸಿಬಲ್. ಫ್ಯಾನಿನ ಸದ್ದು ಮಾತ್ರ ಎರಡು ಕಡೆಯೂ ಅಷ್ಟೇ.

ಮರುದಿನ ಎರಡನ್ನೂ ಪಕ್ಕಪಕ್ಕದಲ್ಲಿ 15 ಸೆಂ.ಮೀ. ದೂರಕ್ಕೆ ನಿಲ್ಲಿಸಿದೆವು. 2ಐ2ರಲ್ಲಿ ಎರಡು ಮೈಕ್ ಕಿಂಡಿ ಇರುವುದರಿಂದ ಒಂದೇ ಹಾಡಿಕೆಯನ್ನು ಎರಡರಲ್ಲೂ ಒಟ್ಟಿಗೆ ಹಿಡಿಯಬಹುದು. ಕಂಡೆನ್ಸರಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಎರಡು ಕಿಂಡಿಗೂ ಹೋಗುತ್ತದೆ, ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ ಇದ್ದರೆ ಎಸ್‌ಎಂ 58ಕ್ಕೆ ಅದರಿಂದ ಏನೂ ಆಗುವುದಿಲ್ಲ. ಎನ್‌ಟಿ1-ಎ ಅದೇ ದನಿಗೆ ಎಸ್‌ಎಂ 58ಕ್ಕಿಂತ ಸುಮಾರು 13 ಪಟ್ಟು ಹೆಚ್ಚು ವೋಲ್ಟೇಜ್ ಕೊಡುತ್ತದೆ (ಒಂದು ಪ್ಯಾಸ್ಕಲ್ ಒತ್ತಡಕ್ಕೆ 25 ಮಿಲಿವೋಲ್ಟ್, ಎಸ್‌ಎಂ 58ದು 1.85). ಹಾಗಾಗಿ ಎಸ್‌ಎಂ 58ರ ಟ್ರ್ಯಾಕನ್ನು ಮೇಲೆತ್ತಿ, ಹಾಡಿನ ಮಟ್ಟ ಎರಡರಲ್ಲೂ ಸಮ ಮಾಡಿ ಕೇಳಿದೆವು.

ಫ್ಯಾನು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು! ಕಂಡೆನ್ಸರಿನಲ್ಲಿ ಅದರ ಗಾಳಿಯ ಸುಯ್ಯೆನ್ನುವ ಭಾಗ ತುಸು ಸ್ಪಷ್ಟ, ಅಷ್ಟೇ. ಎರಡೂ ಮುಂದಿನದನ್ನು ಹಿಡಿದು ಹಿಂದಿನದನ್ನು ಬಿಡುವ ಕಾರ್ಡಿಯಾಯ್ಡ್ ಮೈಕ್‌ಗಳೇ. ಎಸ್‌ಎಂ 58 ಕೋಣೆಯನ್ನು ದೂರ ಇಡುವುದು ಬಾಯಿ ಹತ್ತಿರ ತರಲು ಬಿಡುತ್ತದೆ ಎಂಬ ಕಾರಣಕ್ಕೆ. ಅದರ ಉಕ್ಕಿನ ಜಾಲರಿ, ಒಳಗಿನ ಫೋಮ್ ಪ, ಭಗಳ ಗಾಳಿಯನ್ನು ತಡೆಯುತ್ತವೆ. ಎನ್‌ಟಿ1-ಎಯನ್ನು 5 ಸೆಂ.ಮೀ.ಗೆ ತಂದರೆ ಪ್ರತಿ ಪಕಾರಕ್ಕೂ ಧಡ್ ಧಡ್.

ಹತ್ತಿರ ಹೋಗುವುದಕ್ಕೂ ಒಂದು ಬೆಲೆ ಇದೆ. ಕಾರ್ಡಿಯಾಯ್ಡ್ ಮೈಕ್ ಬಾಯಿಗೆ ಹತ್ತಿರವಾದಷ್ಟೂ ತಗ್ಗಿನ ಕಂಪನಗಳು ಉಬ್ಬುತ್ತವೆ. ನನ್ನ ಮಂದ್ರ ಪಂಚಮ ಸುಮಾರು 147 ಹರ್ಟ್ಸ್. 5 ಸೆಂ.ಮೀ. ದೂರದಲ್ಲಿ ಅದು ಬಿಂದಿಗೆಯೊಳಗೆ ಹಾಡಿದಂತೆ ಗುಮ್ಮೆನ್ನುತ್ತಿತ್ತು. ತಲೆ ಎರಡು ಬೆರಳು ಹಿಂದೆ ಸರಿದರೆ ಸ್ವರವೇ ಬಡವಾಗುತ್ತಿತ್ತು. ಮಂದ್ರದಲ್ಲಿ ಗಮಕ ಎಳೆಯುವಾಗ ತಲೆ ಅಲ್ಲಾಡದೆ ಇರುವುದು ನನ್ನಿಂದಾಗದು. 20 ಸೆಂ.ಮೀ.ಯಲ್ಲಿ ಎನ್‌ಟಿ1-ಎ ಹಿಡಿದ ಅದೇ ಜಾಗ ನೂಲಿನಂತೆ ಸಮವಾಗಿತ್ತು. ಎಲ್ಲಿಗೆ ಹೋಗಿ ನಿಂತೆ ಎಂಬುದು ಕೊನೆಯ ತನಕ ಕೇಳುತ್ತಿತ್ತು. ಶಿಷ್ಯೆ ಕೇಳಿದ್ದು ಇದನ್ನೇ. ಅದನ್ನು ಕೇಳಿದಾಗ ನನಗೆ ಆದ ಸಂತೋಷ ಹೇಳತೀರದು.

ಎಟಿ 2020 ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಸ್ವಂತ ಸದ್ದು 20 ಡೆಸಿಬಲ್, ಎನ್‌ಟಿ1-ಎಯದು ಬರೀ 5. ಕಾಗದದ ಮೇಲೆ ದೊಡ್ಡ ಅಂತರ. ಆದರೆ ಕೋಣೆಯೇ 34ರಲ್ಲಿ ಕುಳಿತಿರುವಾಗ ಎರಡೂ ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ನನ್ನ ಕಿವಿಗೆ ಗೊತ್ತಾಗಿದ್ದು ಶ, ಸಗಳಲ್ಲಿ ಮಾತ್ರ, ಎಟಿ 2020 ನನ್ನ ಕಂಠಕ್ಕೆ ಸ್ವಲ್ಪ ಹರಿತ. ಕೈಯಲ್ಲಿ ಕಡಿಮೆ ದುಡ್ಡಿದ್ದು ಈಗಲೇ ಕಂಡೆನ್ಸರ್ ಬೇಕೆನ್ನುವವರು ಧೈರ್ಯವಾಗಿ ತೆಗೆದುಕೊಳ್ಳಬಹುದು.

ಎಸ್‌ಎಂ 7ಬಿ ಮೇಲೆ ನನಗೆ ಬಹಳ ಆಸೆ ಇತ್ತು. ದನಿ ದುಂಡಗೆ, ಶಕಾರ ಮೃದು, ಗಾಳಿ ತಡೆಯುವ ದಪ್ಪ ಫೋಮ್, ತಗ್ಗಿನ ಉಬ್ಬು ಇಳಿಸಲು ಹಿಂದೆಯೇ ಸ್ವಿಚ್. ಆದರೆ ಅದು ಕೊಡುವ ಸಿಗ್ನಲ್ ಎಸ್‌ಎಂ 58ಕ್ಕಿಂತಲೂ ಸಣ್ಣದು. ಸುಮಾರು 60 ಡೆಸಿಬಲ್ ಗೇನ್ (ಸಿಗ್ನಲನ್ನು ಏರಿಸುವ ಪ್ರಮಾಣ) ಬೇಕೆನ್ನುತ್ತಾರೆ, 2ಐ2ರದು 56, ಐಡಿ4ರದು 58. ಮೆಲುದನಿಯ ಆಲಾಪಕ್ಕೆ ಎರಡರ ನಾಬೂ ಕೊನೆಗೆ ಹೋಗಿ ನಿಂತಿತು. ಇಲ್ಲಿಂದಲೇ ಪ್ರಿಆಂಪಿನ ಜಿಜ್ಞಾಸೆ ಶುರುವಾಗುವುದು. ಬೇರೆ ಪ್ರಿಆಂಪ್ ಕೊಳ್ಳಿ, ಕ್ಲೌಡ್‌ಲಿಫ್ಟರ್‌ನಂಥ ಬೂಸ್ಟರ್ ಹಾಕಿ ಎಂದು ಸಲಹೆ ಕೊಡುವವರು ಬಹಳ. ಫ್ಯಾಂಟಮ್ ಪವರಿನಿಂದಲೇ ನಡೆಯುವ ಆ ಡಬ್ಬಿ 25 ಡೆಸಿಬಲ್ ತನಕ ಏರಿಸುತ್ತದೆ.

ದುಡ್ಡು ಹಾಕುವ ಮೊದಲು ಲೆಕ್ಕ ಹಾಕಿದೆ. ಅಳತೆ ಮಾಡುವಾಗ ಮೈಕಿನ ಬದಲಿಗೆ ಇಡುವ 150 ಓಮ್‌ನ ಬರಿಯ ಪ್ರತಿರೋಧವೊಂದು ಕೋಣೆಯ ಉಷ್ಣತೆಯಲ್ಲಿ ತಾನಾಗಿ ಹೊರಡಿಸುವ ಸದ್ದು ಸುಮಾರು -131 ಡಿಬಿಯು (ವೋಲ್ಟೇಜನ್ನು ಡೆಸಿಬಲ್‌ನಲ್ಲಿ ಹೇಳುವ ಅಳತೆ). ಅದಕ್ಕಿಂತ ಕೆಳಗೆ ಇಳಿಯಲು ಯಾವ ಪ್ರಿಆಂಪಿಗೂ ದಾರಿ ಇಲ್ಲ. ಈಗಿನ ಸಾಧಾರಣ ಇಂಟರ್‌ಫೇಸ್‌ಗಳೇ -128ರ ಆಸುಪಾಸಿನಲ್ಲಿವೆ. ಎಷ್ಟು ದುಬಾರಿಯದನ್ನು ತಂದರೂ ಸದ್ದಿನಲ್ಲಿ ಗಳಿಸುವುದು 3 ಡೆಸಿಬಲ್. ಆ -128ನ್ನು ಮೈಕಿನ ಮುಂದಿನ ಸದ್ದಾಗಿ ತಿರುಗಿಸಿದರೆ ಎಸ್‌ಎಂ 58ರಲ್ಲಿ ಸುಮಾರು 18 ಡೆಸಿಬಲ್, ಎಸ್‌ಎಂ 7ಬಿಯಲ್ಲಿ ಸುಮಾರು 23. ನನ್ನ ಕೋಣೆ 34! ಸುಯ್ಯೆನ್ನುವ ಸದ್ದು ಹೆಚ್ಚಾಗಿ ಜೀರುಂಡೆಯದು, ಪ್ರಿಆಂಪಿನದಲ್ಲ. ಗೇನ್ ಸಾಲದ ಕಡೆ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಸಾಫ್ಟ್‌ವೇರಿನಲ್ಲಿ ಏರಿಸಿದೆ. ಏನೂ ಕೆಡಲಿಲ್ಲ.

ಆದರೂ ಕಿವಿಯಿಂದಲೇ ನೋಡಬೇಕಲ್ಲ. ಐಡಿ4ರಲ್ಲಿ ಮೈಕಿಗೆ ಒಂದೇ ಕಿಂಡಿ, ಹಾಗಾಗಿ ಪಲ್ಲವಿಯನ್ನು ಎರಡು ಇಂಟರ್‌ಫೇಸ್‌ಗಳಲ್ಲೂ ಎನ್‌ಟಿ1-ಎ ಇಟ್ಟು ಐದೈದು ಸಲ ಹಾಡಿದೆ. ಅಕ್ಕನ ಮಗ ಮಟ್ಟ ಸಮ ಮಾಡಿ, ಹೆಸರು ಮುಚ್ಚಿ, ಕಲೆಸಿ ಕೇಳಿಸಿದ. ಮಟ್ಟ ಸಮ ಮಾಡದಿದ್ದರೆ ಜೋರಾಗಿರುವುದೇ ಒಳ್ಳೆಯದೆಂದು ಕಿವಿ ಮೋಸ ಹೋಗುತ್ತದೆ. ಹತ್ತರಲ್ಲಿ ಆರು ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ. ಎಸ್‌ಎಂ 58 ಇಟ್ಟು ಮತ್ತೆ ಮಾಡಿದಾಗ ಐದು. ಮೈಕನ್ನು ಒಂದು ಗೇಣು ಸರಿಸಿದರೆ ಮಾತ್ರ ಹತ್ತಕ್ಕೆ ಹತ್ತು.

ವಿದ್ಯುತ್ತಿನ ಕಡೆಯಿಂದ ನಿಜವಾದ ತೊಂದರೆ ಕೊಟ್ಟದ್ದು ಅರ್ಥಿಂಗ್. ನಮ್ಮ ಹಳೆಯ ವೈರಿಂಗಿನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಎರಡು ಇಂಟರ್‌ಫೇಸ್‌ಗಳಲ್ಲೂ ಗುಂಯ್ ಎನ್ನುತ್ತಿತ್ತು. ಬ್ಯಾಟರಿಯಲ್ಲಿ ನಡೆಸಿದರೆ ನಿಶ್ಶಬ್ದ. ಪ್ರಿಆಂಪ್ ಬದಲಿಸಲು ಹೊರಟವರು ಮೊದಲು ಚಾರ್ಜರ್ ಕಿತ್ತು ನೋಡಿ.

ಎಸ್‌ಎಂ 58 ಅಗ್ಗ ಎಂದು ಮೂಗು ಮುರಿಯುವವರಿಗೆ ಒಂದು ಮಾತು. 1966ರಿಂದ ಇರುವ ಈ ಮೈಕಿನ ಹೆಸರಿನಲ್ಲಿರುವ ಎಸ್‌ಎಂ ಎಂದರೆ ಸ್ಟುಡಿಯೊ ಮೈಕ್ರೊಫೋನ್. ನಕಲಿಗಳು ಬಹಳ ಇವೆ, ಅಧಿಕೃತ ಅಂಗಡಿಯಲ್ಲೇ ಕೊಳ್ಳಿ. ಇಡೀ ದಿನ ಗದ್ದಲವಿರುವ ಮನೆಯಾದರೆ, ಮಂದ್ರಕ್ಕೆ ಹೆಚ್ಚು ಇಳಿಯದ ಕಂಠವಾದರೆ, ಇದೊಂದೇ ಸಾಕು. ಮೂರ್ನಾಲ್ಕು ಪಟ್ಟು ಕೊಟ್ಟು ಎಸ್‌ಎಂ 7ಬಿಗೆ ಹೋಗುವ ಕಾರಣ ಹಾಡಿಗೆ ನನಗೆ ಕಾಣಲಿಲ್ಲ.

ನಾನು ಕೊಂಡಿದ್ದು ಎನ್‌ಟಿ1-ಎ, ಜೊತೆಗೆ 2ಐ2. ಪಾಠದಲ್ಲಿ ಶ್ರುತಿಪೆಟ್ಟಿಗೆಯನ್ನು ಬೇರೆ ಮೈಕಿನಿಂದ ಹಿಡಿಯಲು ಎರಡನೇ ಕಿಂಡಿ ಬೇಕಿತ್ತು. ಹಗಲಿನ ಅವಸರದ ಪಾಠಗಳಿಗೆ ಎಸ್‌ಎಂ 58. ಆಲಾಪ, ಉಗಾಭೋಗ ಹಾಡುವುದು ರಾತ್ರಿ ಹತ್ತರ ಮೇಲೆ, ಫ್ಯಾನು ಆರಿಸಿ, ಜೀರುಂಡೆಯ ಕಿಟಕಿ ಮೈಕಿನ ಬೆನ್ನಿಗೆ ಬರುವಂತೆ ಕುಳಿತು. ಮಳೆಗಾಲದಲ್ಲಿ ಅದೂ ಇಲ್ಲ, ಹಂಚಿನ ಮೇಲೆ ಮಳೆ ಹೊಡೆಯುವಾಗ ಯಾವ ಮೈಕೂ ನಡೆಯುವುದಿಲ್ಲ. ಕಂಡೆನ್ಸರಿನೊಳಗೆ ದನಿ ಹಿಡಿಯುವ ಕ್ಯಾಪ್ಸೂಲಿಗೆ ತೇವ ಹಿಡಿದರೆ ಚಟಪಟ ಶುರುವಾಗುತ್ತದೆ. ಜೂನ್ ಬಂದೊಡನೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಪ್ಪಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಹಪ್ಪಳಕ್ಕೆ ಬೇರೆ ಡಬ್ಬಿ ತಂದಾಗಿದೆ.