ಸ್ಟ್ರಾಟ್-ಒ-ಮ್ಯಾಟಿಕ್ ಬೇಸ್‌ಬಾಲ್: ಏಳು ತಿಂಗಳು, 162 ಪಂದ್ಯ ಆಡಿದ ಮೇಲೆ

ಹೋದ ಭಾನುವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಊಟದ ಟೇಬಲ್ ಮೇಲೆ 1969ರ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಸೀಸನ್ ಮುಗಿಯಿತು. ನಾನು, ಅಕ್ಕನ ಮಗ ಇಬ್ಬರೂ ಸ್ಕೋರ್ ಪುಸ್ತಕ ಮುಚ್ಚದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆವು.

ನಮ್ಮ ದಾವಣಗೆರೆಯಲ್ಲಿ ಈ ಕಾರ್ಡ್-ದಾಳದ ಆಟ ಆಡುವವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ. ಆದರೆ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನೋಡುತ್ತಾ ಬೆಳೆದವರು, ಕ್ಲಾಸಲ್ಲಿ ಕೊನೆ ಬೆಂಚಲ್ಲಿ ಬುಕ್ ಕ್ರಿಕೆಟ್ ಆಡಿ ಪೂರ್ತಿ ವರ್ಲ್ಡ್ ಕಪ್ ನಡೆಸಿದವರು ಬೇಕಾದಷ್ಟು ಜನ ಇದ್ದೀರಿ, ಅಲ್ವಾ? ನಿಮಗೋಸ್ಕರ ಬರೆಯುತ್ತಿದ್ದೇನೆ.

ಇದು ಅಮೆರಿಕದ ಹಾಲ್ ರಿಚ್‌ಮನ್ ಅವರು 1961ರಲ್ಲಿ ಮಾರಾಟಕ್ಕೆ ತಂದ ಆಟ. ಪ್ರತಿ ಆಟಗಾರನಿಗೂ ಒಂದು ಕಾರ್ಡ್. ಆ ವರ್ಷ ಅವನು ನಿಜವಾಗಿ ಹೇಗೆ ಆಡಿದ್ದನೋ ಅದರ ಲೆಕ್ಕದಲ್ಲೇ ಕಾರ್ಡ್ ತಯಾರಾಗಿರುತ್ತದೆ. ಮೂರು ದಾಳ ಒಟ್ಟಿಗೆ ಉರುಳಿಸಬೇಕು. ಬಿಳಿ ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್ ಕಾರ್ಡ್ ನೋಡಬೇಕು, 4, 5, 6 ಬಿದ್ದರೆ ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ) ಕಾರ್ಡ್. ಉಳಿದೆರಡು ದಾಳ ಕೂಡಿಸಿದರೆ ಯಾವ ಸಾಲು ಅಂತ ಗೊತ್ತಾಗುತ್ತದೆ. ಕೆಲವು ಕಡೆ ಇಪ್ಪತ್ತು ಮುಖದ ಇನ್ನೊಂದು ದಾಳವೂ ಬೇಕು. ಅಷ್ಟೇ.

ಈ ಸರಳ ಲೆಕ್ಕದಲ್ಲೇ ಆಟದ ಜೀವ ಇದೆ. ಎರಡು ದಾಳ ಕೂಡಿ 7 ಬರುವ ದಾರಿ ಆರು, 2 ಬರುವ ದಾರಿ ಒಂದೇ. ಹಾಗಾಗಿ 7ರ ಸಾಲಿನಲ್ಲಿ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಇರುವವನನ್ನು ಕಂಡರೆ ಭಯ ಆಗಲೇಬೇಕು. ಅರ್ಧ ಸಲ ಪಿಚರ್ ಕಾರ್ಡೇ ನಿರ್ಧಾರ ಮಾಡುವುದರಿಂದ ಎಂಥ ಬ್ಯಾಟರ್ ಆದರೂ ಒಳ್ಳೆ ಪಿಚರ್ ಎದುರು ಮಂಕಾಗುತ್ತಾನೆ. ಬುಕ್ ಕ್ರಿಕೆಟ್‌ನಲ್ಲಿ ಹನ್ನೊಂದನೇ ಆಟಗಾರನೂ ಸೆಂಚುರಿ ಹೊಡೆಯುತ್ತಿದ್ದ. ಇಲ್ಲಿ ಅದು ನಡೆಯಲ್ಲ.

1969 ಯಾಕೆ ಅಂದರೆ, 1968ರಲ್ಲಿ ಪಿಚರ್‌ಗಳದೇ ರಾಜ್ಯಭಾರ. ಅದಕ್ಕೇ ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಜೊತೆಗೆ ಮೆಟ್ಸ್ ಕಥೆ. 1962ರಲ್ಲಿ ಹುಟ್ಟಿ ಮೊದಲ ವರ್ಷವೇ 120 ಪಂದ್ಯ ಸೋತ ತಂಡ 1969ರಲ್ಲಿ 100 ಗೆದ್ದು, ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ವರ್ಲ್ಡ್ ಸೀರೀಸನ್ನೂ ಹೊತ್ತುಕೊಂಡು ಹೋಯಿತು.

ಎಲ್ಲಾ 24 ತಂಡಗಳನ್ನೂ ಆಡಿಸಿದರೆ 1,944 ಪಂದ್ಯ. ಆಗದ ಮಾತು. ನಾವು ಮೆಟ್ಸ್ ಪಂದ್ಯ ಮಾತ್ರ ಆಡಿದೆವು, ಉಳಿದದ್ದಕ್ಕೆ ನಿಜವಾದ ಫಲಿತಾಂಶವನ್ನೇ ಇಟ್ಟುಕೊಂಡೆವು. ರಾತ್ರಿ ಊಟ ಆದಮೇಲೆ ಒಂದು ಪಂದ್ಯ, ಮುಕ್ಕಾಲು ಗಂಟೆ. ಮಿರ್ಚಿ ಮಂಡಕ್ಕಿ ಟೇಬಲ್ ಹತ್ತಿರ ಬರಬಾರದು ಅಂತ ಮೊದಲ ವಾರವೇ ನಿಯಮ ಮಾಡಿದೆವು. ಕಾರ್ಡ್‌ಗೆ ಎಣ್ಣೆ ಕೈ ತಾಗಿದರೆ ಹೋಗುವುದಿಲ್ಲ.

ನನಗೆ ಅತಿ ಹೆಚ್ಚು ಹಿಡಿಸಿದ್ದು ಪಿಚರ್‌ಗಳನ್ನು ನೋಡಿಕೊಳ್ಳುವ ಕೆಲಸ. ಟಾಮ್ ಸೀವರ್ ಆ ವರ್ಷ 25 ಪಂದ್ಯ ಗೆದ್ದವನು, ದಿನಾ ಅವನನ್ನೇ ಹಾಕೋಣ ಅನ್ನಿಸುತ್ತದೆ. ಆದರೆ ನಾಲ್ಕು ದಿನ ಬಿಡುವು ಕೊಡಲೇಬೇಕು ಅಂತ ಇಟ್ಟುಕೊಂಡಿದ್ದೆವು. ಸತತ ಐದು ಸೋತ ವಾರ ನಾನು ಸೀವರ್ ಕಾರ್ಡ್‌ಗೆ ಕೈ ಹಾಕಿದೆ. "ಮಾಮಾ, ಮೊನ್ನೆ ತಾನೇ ಹಾಕೀವಿ, ಬ್ಯಾಡ" ಅಂದ ಹುಡುಗ. ಬಿಟ್ಟೆ. ಆ ಪಂದ್ಯವೂ ಸೋತೆವು. ಒಬ್ಬ ಮ್ಯಾನೇಜರ್ ರಾತ್ರಿ ನಿದ್ದೆ ಯಾಕೆ ಕೆಡಿಸಿಕೊಳ್ಳುತ್ತಾನೆ ಅಂತ ಟಿವಿ ನೋಡಿ ನನಗೆ ಯಾವತ್ತೂ ಗೊತ್ತಾಗಿರಲಿಲ್ಲ.

ಜುಲೈ 9ರ ಪಂದ್ಯಕ್ಕೆ ಇಬ್ಬರೂ ಕಾದಿದ್ದೆವು. ನಿಜದಲ್ಲಿ ಅವತ್ತು ಸೀವರ್ ಷಿಕಾಗೊ ಕಬ್ಸ್ ತಂಡದ ಮೊದಲ 25 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ್ದ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಇನ್ನಿಬ್ಬರು ಔಟಾದರೆ ಪಂದ್ಯವೇ ಮುಗಿಯುವಾಗ ಜಿಮ್ಮಿ ಕ್ವಾಲ್ಸ್ ಎಂಬ ಹೊಸ ಹುಡುಗ ಆ ಸಾಲನ್ನು ಮುರಿದ. ನಮ್ಮ ಟೇಬಲ್ ಮೇಲೆ ಎರಡನೇ ಇನ್ನಿಂಗ್ಸ್‌ನಲ್ಲೇ ಅರ್ನಿ ಬ್ಯಾಂಕ್ಸ್ ಹೋಮ್ ರನ್ ಹೊಡೆದ. ಕಾರ್ಡ್ ಇತಿಹಾಸವನ್ನು ಹಾಗೇ ನಕಲು ಮಾಡುವುದಿಲ್ಲ, ಆಟಗಾರನ ಗುಣ ಮಾತ್ರ ಹೊತ್ತು ತರುತ್ತದೆ. ಮುಂದಿನದು ದಾಳ.

ಕೊನೆಗೆ ನಮ್ಮ ಮೆಟ್ಸ್ 93 ಗೆದ್ದು ನಿಂತಿತು. ಕಬ್ಸ್ ನಿಜದಲ್ಲಿ 92 ಗೆದ್ದ ತಂಡ. ಅವರ ಮೇಲೆ ನಾವು ನಿಜಕ್ಕಿಂತ ಮೂರು ಪಂದ್ಯ ಜಾಸ್ತಿ ಸೋತಿದ್ದರಿಂದ ಅವರದು 95 ಆಯಿತು. ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ಪ್ಲೇಆಫ್, ಅಂದರೆ ಸೀಸನ್ ಮುಗಿದ ಮೇಲಿನ ನಾಕೌಟ್. ಎರಡೇ ಎರಡು ಪಂದ್ಯದಲ್ಲಿ ತಪ್ಪಿತು. ಹುಡುಗನ ಮುಖ ನೋಡಲಾಗಲಿಲ್ಲ. ನನಗೂ ಬೇಜಾರೇ. ಆದರೆ ಬ್ಯಾಂಕ್ಸ್ ಕಾರ್ಡ್ ಕೈಯಲ್ಲಿ ಹಿಡಿದಾಗ ಬೇರೆಯದೇ ಅನ್ನಿಸಿತು. 1953ರಿಂದ 1971ರವರೆಗೆ ಒಂದೇ ತಂಡಕ್ಕೆ 2,528 ಪಂದ್ಯ ಆಡಿದ ಮನುಷ್ಯ, ಪ್ಲೇಆಫ್ ಪಂದ್ಯ ಒಂದೂ ಆಡಲಿಲ್ಲ.

ಕೊಳ್ಳುವ ವಿಷಯ. ನಮ್ಮ ಕಡೆ ಅಂಗಡಿಯಲ್ಲಿ ಸಿಗುವುದಿಲ್ಲ. ತರಿಸಿದರೆ ಸಾಗಣೆ ಖರ್ಚು, ಸುಂಕ ಸೇರಿ ದುಬಾರಿ. ನಮ್ಮ ಭಾವ ಹೊರದೇಶದಿಂದ ಬರುವಾಗ ಸೂಟ್‌ಕೇಸಲ್ಲಿ ತಂದರು, ನೀವೂ ಅದನ್ನೇ ಮಾಡಿ. ಕಾರ್ಡ್‌ನ ಒಂದು ಮಗ್ಗುಲು ಸುಲಭದ ಆಟಕ್ಕೆ, ಇನ್ನೊಂದು ಮಗ್ಗುಲು ಎಡಗೈ-ಬಲಗೈ ಲೆಕ್ಕವೂ ಇರುವ ಕಷ್ಟದ ಆಟಕ್ಕೆ. ಬೇಸ್‌ಬಾಲ್ ಗೊತ್ತಿಲ್ಲದಿದ್ದರೆ ಸುಲಭದ್ದರಲ್ಲೇ ಇಪ್ಪತ್ತು ಪಂದ್ಯ ಆಡಿ. ಸ್ಕೋರ್ ಬರೆಯಲು ಬೇಸರ ಇರುವವರಿಗೆ ಇದು ಬೇಡ. ಬರೆಯುವುದೇ ಇಷ್ಟ ಅನ್ನುವವರಿಗೆ ಕೊಟ್ಟ ದುಡ್ಡು ಖಂಡಿತ ವಸೂಲಿ.

ನಮ್ಮೂರಿನ ವಿನಯ್ ಕುಮಾರ್ ನಾಯಕನಾಗಿ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ 2013-14ರ ಸೀಸನ್‌ಗೆ ಇಂಥದ್ದೊಂದು ಪೆಟ್ಟಿಗೆ ಯಾರಾದರೂ ಮಾಡಿದರೆ ಮೊದಲ ಗಿರಾಕಿ ನಾನೇ.

ಈ ಶನಿವಾರ ಕಬ್ಸ್‌ಗೂ ಅಟ್ಲಾಂಟಾ ಬ್ರೇವ್ಸ್‌ಗೂ ಐದು ಪಂದ್ಯದ ಪ್ಲೇಆಫ್. ಹುಡುಗ ಹ್ಯಾಂಕ್ ಆರನ್ ಇರುವ ಬ್ರೇವ್ಸ್ ತೆಗೆದುಕೊಂಡಿದ್ದಾನೆ, ಆ ವರ್ಷ 44 ಹೋಮ್ ರನ್ ಹೊಡೆದ ಕಾರ್ಡ್ ಅದು. ನನ್ನ ಕಡೆ ಬ್ಯಾಂಕ್ಸ್ ಇದ್ದಾನೆ.