ಭಾರದ ಮರಗೆಲಸದ ಬೆಂಚು: ವರ್ಷಗಟ್ಟಲೆ ಬಳಸಿದ ಮೇಲೆ

ಜಾಗ ಚಿಕ್ಕದಿದ್ದರೆ ಬೆಂಚನ್ನು ಹಗುರ ಮಾಡಬೇಡಿ, ದಪ್ಪ ಮಾಡಿ. ಕೇಳೋಕೆ ಉಲ್ಟಾ ಅನ್ನಿಸುತ್ತದೆ, ಅಲ್ವಾ? ಉದ್ದನೆಯ ಬೆಂಚಿಗೆ ಆ ಉದ್ದದಿಂದಲೇ ಒಂದಿಷ್ಟು ತೂಕ ಬರುತ್ತದೆ. ಗಿಡ್ಡ ಬೆಂಚಿಗೆ ಆ ತೂಕ ದಪ್ಪದಿಂದಲೇ ಬರಬೇಕು.

ನನ್ನದು 6 ಅಡಿ ಉದ್ದ, 22 ಇಂಚು ಅಗಲ. ಮೇಲಿನ ಹಲಗೆ 4 ಇಂಚು ದಪ್ಪ. ಗಟ್ಟಿ ಮರದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಅಂಟಿಸಿ ಮಾಡಿದ್ದು. ಬರೀ ಹಲಗೆಯೇ 70 ಕೆ.ಜಿ. ದಾಟುತ್ತದೆ. ಕಾಲುಗಳು 5 ಇಂಚು ಚೌಕ. ಮರ ಹೆರೆದು ನುಣುಪು ಮಾಡುವ ಉಜ್ಜುಗೊರಡನ್ನು ಎಷ್ಟು ಜೋರಾಗಿ ತಳ್ಳಿದರೂ ಬೆಂಚು ಜಾಗ ಬಿಟ್ಟು ಕದಲುವುದಿಲ್ಲ. ಉಳಿಗೆ ಕೊಡತಿ ಏಟು ಬಿದ್ದಾಗ ಪಕ್ಕದಲ್ಲಿಟ್ಟ ಸ್ಕ್ರೂಗಳು ಕುಣಿಯುವುದಿಲ್ಲ. ಏಟಿನ ಬಲವೆಲ್ಲ ಕೆತ್ತುವ ಮರಕ್ಕೇ ಹೋಗುತ್ತದೆ. ಕಾಲಿನ ನೇರ ಮೇಲೆ ಇಟ್ಟು ಹೊಡೆದರೆ ಇನ್ನೂ ಚೆನ್ನ.

ಅಗಲ 22 ಇಂಚು ಸಾಕೇ ಸಾಕು. ಗೋಡೆಗೆ ಒರಗಿಸಿಟ್ಟ ಬೆಂಚಿನ ಆಚೆ ಅಂಚಿಗೆ ಕೈ ಎಟುಕಬೇಕು. ಅದಕ್ಕಿಂತ ಅಗಲವಾದರೆ ಹಿಂದಿನ ಭಾಗದಲ್ಲಿ ಸುಮ್ನೆ ಸಾಮಾನು ಗುಡ್ಡೆ ಬೀಳುತ್ತದೆ ಅಷ್ಟೇ.

ಇನ್ನು ವೈಸ್, ಅಂದರೆ ಕೆಲಸದ ಮರವನ್ನು ಸ್ಕ್ರೂ ತಿರುಗಿಸಿ ಬಿಗಿಯಾಗಿ ಹಿಡಿಯುವ ಸಾಧನದ ವಿಷಯ. ಬೆಂಚು ಮಾಡಲು ಹೊರಟವರೆಲ್ಲ ಮೊದಲು ತಲೆಕೆಡಿಸಿಕೊಳ್ಳುವುದು ಇದಕ್ಕೇ. ನಾನು ಮುಂದಿನ ಕಾಲಿಗೇ ಕೂರಿಸುವ ಲೆಗ್ ವೈಸ್ ಹಾಕಿದ್ದೇನೆ. ಹಿಡಿತ ಅದ್ಭುತ. ಸ್ಕ್ರೂ ಕೆಳಗಿರುವುದರಿಂದ ಅಗಲವಾದ ಹಲಗೆಯೂ ಒಳಗೆ ಆಳವಾಗಿ ಕೂರುತ್ತದೆ. ಕಿರಿಕಿರಿ ಅಂದರೆ ವೈಸ್‌ನ ಕೆಳತುದಿಯಲ್ಲಿ ತೂತುಗಳಿರುವ ಪಟ್ಟಿಗೆ ಸಿಕ್ಕಿಸುವ ಪಿನ್. ಹಿಡಿಯುವ ಮರದ ದಪ್ಪ ಬದಲಾದಾಗೆಲ್ಲ ಬಗ್ಗಿ ಅದನ್ನು ಬೇರೆ ತೂತಿಗೆ ಹಾಕಬೇಕು. ಸೊಂಟ ಎರಡನೇ ದಿನವೇ ದೂರು ಕೊಡುತ್ತದೆ.

ಆದರೆ ದಿನನಿತ್ಯ ಹೆಚ್ಚು ಕೆಲಸ ಮಾಡುವುದು ವೈಸ್ ಅಲ್ಲ. ಹಲಗೆಯ ಎಡ ತುದಿಯಲ್ಲಿ, ಮೇಲೆ ಕೆಳಗೆ ಸರಿಯುವ ಒಂದು ಮರದ ತುಂಡು ಇದೆ. ಉಜ್ಜುವ ಮರವನ್ನು ಅದಕ್ಕೆ ಒತ್ತಿ ನಿಲ್ಲಿಸಿದರೆ ಮುಗೀತು. ಬಿಗಿಯುವುದೂ ಇಲ್ಲ, ಸಡಿಲಿಸುವುದೂ ಇಲ್ಲ. ಜೊತೆಗೆ ಹೋಲ್ಡ್‌ಫಾಸ್ಟ್, ಅಂದರೆ ಮರವನ್ನು ಬೆಂಚಿಗೆ ಒತ್ತಿ ಹಿಡಿಯುವ ಬಾಗಿದ ತಲೆಯ ಕಬ್ಬಿಣದ ಕೊಕ್ಕೆ. 19 ಮಿ.ಮೀ. ತೂತಿಗೆ ಇಳಿಬಿಟ್ಟು ತಲೆಗೆ ಒಂದು ಏಟು ಕೊಟ್ಟರೆ ಹಿಡಿಯುತ್ತದೆ, ಹಿಂದಿನಿಂದ ಒಂದು ತಟ್ಟಿದರೆ ಬಿಡುತ್ತದೆ. ದಪ್ಪ ಹಲಗೆಯಲ್ಲಿ ಅದು ಕೆಲವೊಮ್ಮೆ ಜಾರುತ್ತದೆ. ಅದರ ಕಡ್ಡಿಯನ್ನು ಅಡ್ಡಡ್ಡವಾಗಿ ಒರಟು ಎಮರಿ ಕಾಗದದಿಂದ ಉಜ್ಜಿದರೆ ಹಿಡಿತ ಬರುತ್ತದೆ. ಆಗಲೂ ಜಾರಿದರೆ ತೂತಿನ ಕೆಳಭಾಗವನ್ನು ಅಗಲ ಮಾಡಿ. ದುಡ್ಡು ಕಮ್ಮಿ ಇದ್ದರೆ ದುಬಾರಿ ವೈಸ್ ಬಿಟ್ಟು ಎರಡು ಒಳ್ಳೆ ಹೋಲ್ಡ್‌ಫಾಸ್ಟ್ ತೊಗೊಳ್ಳಿ ಅಂತಲೇ ನನ್ನ ಸಲಹೆ.

ಎತ್ತರ ಅವರವರ ಕೆಲಸಕ್ಕೆ ಬಿಟ್ಟದ್ದು. ಕೈ ಉಜ್ಜುಗೊರಡು ಜಾಸ್ತಿ ಬಳಸುವವರಿಗೆ ತಗ್ಗು ಬೆಂಚೇ ಸರಿ, ಮೈಭಾರ ಹಾಕಬಹುದು. ನುಣ್ಣಗೆ ಕೆತ್ತುವವರಿಗೆ ಇದು ಬೆನ್ನುನೋವಿನ ದಾರಿ.

ಮರ ಹಿಗ್ಗದೆ, ಕುಗ್ಗದೆ ಇರುವುದಿಲ್ಲ. ತೇವ ಹೆಚ್ಚಾದರೆ ಅಗಲ ಮತ್ತು ದಪ್ಪದಲ್ಲಿ ಹಿಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನನ್ನ ಬೆಂಚಿನ ಕಾಲುಗಳ ತುದಿ ಹಲಗೆಯನ್ನು ತೂರಿ ಮೇಲಿನವರೆಗೂ ಬರುತ್ತದೆ. ಗಾಳಿ ಒಣಗಿದಾಗ ಹಲಗೆಯ ದಪ್ಪ ಕುಗ್ಗುತ್ತದೆ, ಕಾಲು ಹಾಗೇ ಇರುತ್ತದೆ. ಹಾಗಾಗಿ ಆ ತುದಿಗಳು ಕೂದಲೆಳೆಯಷ್ಟು ಮೇಲೆದ್ದು ಕೈಗೆ ತಗಲುತ್ತವೆ. ಆಗಾಗ ಉದ್ದನೆಯ ಉಜ್ಜುಗೊರಡಿನಿಂದ ಓರೆಯಾಗಿ ಉಜ್ಜಿ ಮಟ್ಟ ಮಾಡುತ್ತೇನೆ. ಹೊಳೆಯುವ ವಾರ್ನಿಶ್ ಬೇಡ, ಮೇಲಿಟ್ಟ ಮರ ಜಾರುತ್ತದೆ. ಅಗಸೆ ಎಣ್ಣೆ ಒರೆಸಿದರೆ ಸಾಕು.

ಮನೆ ಬದಲಿಸುವವರು ಹೆದರಬೇಕಿಲ್ಲ. ಕಾಲುಗಳನ್ನು ಜೋಡಿಸುವ ಉದ್ದದ ಅಡ್ಡಪಟ್ಟಿಗಳಿಗೆ ಬೋಲ್ಟ್ ಹಾಕಿ, ಹಲಗೆಯನ್ನು ಕಾಲಿನ ಮೇಲೆ ಅಂಟಿಲ್ಲದೆ ಕೂರಿಸಿ. ಬಿಚ್ಚಿದರೆ ಮಾಮೂಲಿ ಬಾಗಿಲಲ್ಲಿ ಆಚೆ ಹೋಗುತ್ತದೆ. ಹಲಗೆ ಎತ್ತಲು ಮಾತ್ರ ಇಬ್ಬರು ಗಟ್ಟಿಮುಟ್ಟಾದವರು ಬೇಕು.