ಹೆಡ್‌ಲೈಟ್ ಬೆಳಕು ಹೆಚ್ಚಿಸಿಕೊಡುತ್ತೇವೆಂದು ಬೈಕಿನ ವೈರಿಂಗ್ ಕತ್ತರಿಸುವವರಿಂದ ದೂರವಿರಿ

ಗದಗದಿಂದ ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ರಸ್ತೆಯಲ್ಲಿ ರಾತ್ರಿ ಬೈಕ್ ಓಡಿಸುವವರಿಗೆ ಹೆಡ್‌ಲೈಟ್ ಸಾಲದೆನಿಸುವುದು ಸಹಜ. ಹೊಲದಿಂದ ಬರುವ ಟ್ರ್ಯಾಕ್ಟರುಗಳು ಮಳೆಗಾಲದಲ್ಲಿ ಎರೆಮಣ್ಣನ್ನು ಡಾಂಬರಿನ ಮೇಲೆ ಹರಡಿ ಹೋಗುವುದರಿಂದ ಒದ್ದೆ ರಸ್ತೆ ಬಿದ್ದ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಸುಗ್ಗಿಯಲ್ಲಿ ಹಿಂದೀಪವಿರಲಿ, ಕೆಂಪು ಪಟ್ಟಿಯೂ ಇಲ್ಲದ ಟ್ರೇಲರುಗಳು ಕಣಿಕೆ ಹೇರಿಕೊಂಡು ಮುಂದೆ ಹೋಗುತ್ತಿರುತ್ತವೆ. ಈ ಭಯದಿಂದಲೇ ಅನೇಕರು ಹೆಚ್ಚು ಬೆಳಕಿನ ಬಲ್ಬು ಹಾಕಿಸಲು ಹೊರಡುತ್ತಾರೆ. ನಾನೂ ಹಾಗೆಯೇ ಹೊರಟೆ. ಅದರಿಂದಾದುದನ್ನು, ಅದರ ಕಾರಣಗಳೊಂದಿಗೆ, ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ದಿನಬಳಕೆಯ ಸಾಧಾರಣ ಬೈಕು; ಕಂಪನಿಯಿಂದ ಬಂದದ್ದು 35/35 ವ್ಯಾಟಿನ, ಅಂದರೆ ಹತ್ತಿರದ ಬೆಳಕಿಗೂ (ಲೋ ಬೀಮ್) ದೂರದ ಬೆಳಕಿಗೂ (ಹೈ ಬೀಮ್) ತಲಾ 35 ವ್ಯಾಟಿನ, ಹ್ಯಾಲೊಜೆನ್ ಬಲ್ಬು. ಗದಗದ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಬೆಳಕು ಕಡಿಮೆಯಾಗಿದೆ ಎಂದು ಹೇಳಿದಾಗ, ಅಲ್ಲಿನವರು ಬೈಕನ್ನು ಪರೀಕ್ಷಿಸದೆಯೇ ಒಂದು ಎಲ್ಇಡಿ ಬಲ್ಬನ್ನು ತೆಗೆದು, "ಇದನ್ನ ಹಾಕ್ಸ್ರಿ ಸರ್, ಬೆಳಕು ಡಬಲ್ ಆಗತೈತ್ರಿ" ಎಂದರು. ಅಂಗಡಿಯ ಗೋಡೆಯ ಮೇಲೆ ಅದು ಬಹಳ ಪ್ರಖರವಾಗಿಯೇ ಕಂಡಿತು. ಆದರೆ ಗೋಡೆಯ ಮೇಲಿನ ಹೊಳಪನ್ನು ನೋಡಿ ರಸ್ತೆಯ ಬೆಳಕನ್ನು ಅಳೆಯಲು ಬರುವುದಿಲ್ಲ.

ಇದರ ಕಾರಣ ಬಲ್ಬಿನ ಒಳಗೇ ಇದೆ. ಇಂಥ ಹ್ಯಾಲೊಜೆನ್ ಬಲ್ಬಿನಲ್ಲಿ ಲೋ ಬೀಮ್‌ಗೆ ಒಂದು, ಹೈ ಬೀಮ್‌ಗೆ ಒಂದು ಎಂದು ಎರಡು ತಂತುಗಳಿರುತ್ತವೆ. ಲೋ ಬೀಮ್ ತಂತುವಿನ ಕೆಳಗೆ ಒಂದು ಸಣ್ಣ ಲೋಹದ ತಟ್ಟೆಯಿದ್ದು, ಅದು ಬೆಳಕನ್ನು ಮುಂದಕ್ಕೆ ಪ್ರತಿಫಲಿಸುವ ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಹೋಗದಂತೆ ತಡೆಯುತ್ತದೆ. ಎದುರಿನವರ ಕಣ್ಣಿಗೆ ಹೊಡೆಯದೆ ಬೆಳಕು ರಸ್ತೆಯ ಮೇಲೆ ಮಾತ್ರ ಬೀಳುವುದು ಇದರಿಂದಲೇ. ರಿಫ್ಲೆಕ್ಟರಿನ ಪ್ರತಿಯೊಂದು ಬಾಗನ್ನೂ ಆ ತಂತು ಇರುವ ಜಾಗಕ್ಕೆ ಲೆಕ್ಕ ಹಾಕಿಯೇ ರೂಪಿಸಿರುತ್ತಾರೆ. ಅಗ್ಗದ ಎಲ್ಇಡಿ ಬಲ್ಬಿನಲ್ಲಿ ಬೆಳಕು ಹೊಮ್ಮುವ ಚಿಪ್‌ಗಳು ಆ ಜಾಗಕ್ಕೆ ಸರಿಹೊಂದದೆ ಆಚೀಚೆ ಇರುತ್ತವೆ. ಹಾಗಾಗಿ ಬೆಳಕು ಹೆಚ್ಚಾದರೂ ಚದುರುತ್ತದೆ: ಚಕ್ರದ ಮುಂದೆ ಕಣ್ಣು ಕುಕ್ಕುವ ಹೊಳಪು, ಮರದ ಕೊಂಬೆಗಳ ಮೇಲೆ ಬೆಳಕು, ನೋಡಬೇಕಾದ ದೂರದಲ್ಲಿ ಕತ್ತಲೆ. ಹತ್ತಿರದ ಹೊಳಪಿಗೆ ಕಣ್ಣು ಹೊಂದಿಕೊಂಡುಬಿಡುವುದರಿಂದ ದೂರದ ಕತ್ತಲೆ ಇನ್ನೂ ಗಾಢವಾಗುತ್ತದೆ. ಎದುರಿನಿಂದ ಬಂದ ಬಸ್ಸು, ಲಾರಿಗಳವರೆಲ್ಲ ನನಗೆ ದೀಪ ಮಿಟುಕಿಸಿ ಎಚ್ಚರಿಸತೊಡಗಿದರು. ನಾನು ಇಟ್ಟಿದ್ದುದು ಲೋ ಬೀಮ್. ಮೊದಲ ಜೋರು ಮಳೆಯಲ್ಲಂತೂ ಆ ನೀಲಿಬಿಳಿ ಬೆಳಕು ಹನಿಗಳಿಗೆ ತಾಗಿ ಕಣ್ಣೆದುರು ಬಿಳಿ ಪರದೆ ಕಟ್ಟಿದಂತಾಯಿತು.

ಮರಳಿ ಅಂಗಡಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಎಲ್ಇಡಿ ತೆಗೆದು 100/90 ವ್ಯಾಟಿನ ಹ್ಯಾಲೊಜೆನ್ ಬಲ್ಬು ಹಾಕಿದರು. ಹೋಲ್ಡರಿನಲ್ಲಿ ಕೂರಲಿಲ್ಲವೆಂದು ಅದರ ತಳದ ಕಿವಿಯನ್ನು ಅರದಿಂದ ಉಜ್ಜಿದರು. ನಾನು ಚಹಾ ಕುಡಿದು ಬರುವಷ್ಟರಲ್ಲಿ, ನನ್ನನ್ನು ಒಂದು ಮಾತು ಕೇಳದೆ, ಹೆಡ್‌ಲೈಟಿನ ಮೂಲ ವೈರನ್ನು ಕತ್ತರಿಸಿ ಬ್ಯಾಟರಿಯಿಂದ ನೇರವಾಗಿ ಇನ್ನೊಂದು ವೈರ್ ಎಳೆದಿದ್ದರು.

ಅದು ಕೈಕೊಟ್ಟದ್ದು ಮುಳಗುಂದ ದಾಟಿದ ಮೇಲೆ, ಆಚೀಚೆ ಹೊಲಗಳಷ್ಟೇ ಇರುವ ಕಡೆ. ಮೊದಲು ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬೈಕನ್ನು ಬದಿಗೆ ತರುವ ಮೊದಲೇ ಎರಡೂ ಬೀಮುಗಳು ಒಟ್ಟಿಗೆ ಆರಿದವು. ವೇಗ ಕಡಿಮೆಯಿದ್ದುದರಿಂದ ರಸ್ತೆಯ ಅಂಚು ನೆನಪಿನಲ್ಲಿತ್ತು, ಹಿಂದೆ ಯಾವ ವಾಹನವೂ ಇರಲಿಲ್ಲ. ತಿರುವಿನಲ್ಲಿ ಇದು ಆಗಿದ್ದರೆ ಎಂದು ಈಗಲೂ ಮೈ ಜುಮ್ಮೆನ್ನುತ್ತದೆ.

ಲಕ್ಷ್ಮೇಶ್ವರದಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರು ಹೆಡ್‌ಲೈಟ್ ಬಿಚ್ಚಿ ತೋರಿಸಿದರು. ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡಿತ್ತು, ರಿಫ್ಲೆಕ್ಟರಿನ ಹೊಳಪು ಗುಳ್ಳೆಯೆದ್ದು ಕಂದಿತ್ತು, ವೈರುಗಳನ್ನು ಬರೀ ತಿರುಚಿ ಟೇಪು ಸುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಬ್ಯಾಟರಿಯಿಂದ ಎಳೆದ ವೈರಿಗೆ ಫ್ಯೂಸೇ ಇರಲಿಲ್ಲ. ಅದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ಹಾದುಹೋಗಿತ್ತು. 12 ವೋಲ್ಟಿನಲ್ಲಿ 35 ವ್ಯಾಟಿನ ಬಲ್ಬು ಸುಮಾರು 3 ಆಂಪಿಯರ್ ಎಳೆದರೆ 100 ವ್ಯಾಟಿನದು 8 ಆಂಪಿಯರ್ ದಾಟುತ್ತದೆ. ವೈರಿನಲ್ಲಿ ಹುಟ್ಟುವ ಬಿಸಿ ವಿದ್ಯುತ್ ಪ್ರವಾಹದ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಏರುವುದರಿಂದ ಅದೇ ವೈರು, ಅದೇ ಹೋಲ್ಡರು ಎಂಟು ಪಟ್ಟು ಬಿಸಿಯನ್ನು ತಡೆಯಬೇಕಾಗುತ್ತದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟೂ ಹೊತ್ತು ಹೆಡ್‌ಲೈಟ್ ಉರಿಯುವ ವ್ಯವಸ್ಥೆ ಇರುವುದರಿಂದ ಹಗಲಿನಲ್ಲೂ ಈ ಬಿಸಿಗೆ ಬಿಡುವಿಲ್ಲ. ಮೂಲ ವೈರಿಂಗ್ ಕತ್ತರಿಸಲಾಗಿದೆ ಎಂಬ ಕಾರಣಕ್ಕೆ ಸರ್ವಿಸ್ ಸೆಂಟರಿನಲ್ಲಿ ವಾರಂಟಿಯನ್ನೂ ನಿರಾಕರಿಸಿದರು. ಆ ವಿಷಯದಲ್ಲಿ ಅವರನ್ನು ದೂರಲಾರೆ.

ನನಗೆ ಹೆಚ್ಚು ಬೇಸರ ತಂದದ್ದು ಮುಂದಿನ ಸಂಗತಿ. ಆ ಮೆಕ್ಯಾನಿಕ್ ಹೊಸ ರಿಫ್ಲೆಕ್ಟರ್ ಮತ್ತು 35/35ರ ಬಲ್ಬು ಕೂರಿಸಿ, ಮೂಲ ವೈರನ್ನು ಬೆಸುಗೆ ಹಾಕಿ ಜೋಡಿಸಿದ ಮೇಲೆ ವೋಲ್ಟೇಜು ಅಳೆಯುವ ಮಲ್ಟಿಮೀಟರ್ ಹಿಡಿದರು. ಎಂಜಿನ್ ಓಡುತ್ತಿದ್ದಾಗ ಬ್ಯಾಟರಿಯ ಬಳಿ 13.8 ವೋಲ್ಟ್, ಬಲ್ಬಿನ ಪಿನ್ನುಗಳ ಬಳಿ 12 ವೋಲ್ಟ್. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜು ಶೇ 10ರಷ್ಟು ಇಳಿದರೂ ಬೆಳಕು ಶೇ 30ರಷ್ಟು ಇಳಿಯುತ್ತದೆ. ಸ್ವಿಚ್ಚಿನ ಸಂಪರ್ಕಗಳಲ್ಲಿ ಧೂಳು, ಅರ್ತಿಂಗ್ ಬೋಲ್ಟಿಗೆ ತುಕ್ಕು: ದೋಷ ಇಷ್ಟೇ. ಅವುಗಳನ್ನು ಉಜ್ಜಿ, ಫ್ಯೂಸಿನೊಂದಿಗೆ ಒಂದು ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿಗೆ ಬ್ಯಾಟರಿಯ ಕರೆಂಟನ್ನು ಹರಿಸುವ ಸಾಧನ) ಜೋಡಿಸಿದ ಮೇಲೆ ಅದೇ 35 ವ್ಯಾಟಿನ ಬಲ್ಬು ರಸ್ತೆಯನ್ನು ಚೆನ್ನಾಗಿ ತೋರಿಸುತ್ತಿದೆ. ಮೊದಲ ಅಂಗಡಿಯವರು ಆ ಮೀಟರನ್ನು ಒಮ್ಮೆ ಹಿಡಿದಿದ್ದರೆ ಸಾಕಾಗಿತ್ತು.

ಆದ್ದರಿಂದ ಬೆಳಕು ಮಂದವಾಗಿದೆಯೆಂದರೆ ಮೊದಲು ಬಲ್ಬಿನ ಬಳಿಯ ವೋಲ್ಟೇಜನ್ನು ಅಳೆಯಿಸಿ, ಗಾಜಿನ ಮಾಸಲು ತೆಗೆಸಿ, ರಿಫ್ಲೆಕ್ಟರ್ ಕಂದಿದ್ದರೆ ಬದಲಿಸಿ. ಆಮೇಲೆ ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಬೈಕನ್ನು ನಿಲ್ಲಿಸಿ, ಮೇಲೆ ಕುಳಿತುಕೊಂಡು, ಲೋ ಬೀಮಿನ ಮೇಲಂಚು ದೀಪದ ಮಧ್ಯದ ಎತ್ತರಕ್ಕಿಂತ 5ರಿಂದ 8 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೊಂದಿಸಿ. ಎಂಜಿನ್ ತಿರುಗುವಾಗ ವಿದ್ಯುತ್ ಉತ್ಪಾದಿಸುವ ಮ್ಯಾಗ್ನೆಟೊ ಕಾಯಿಲಿನಿಂದ ನೇರವಾಗಿ ಎಸಿ ಕರೆಂಟು ಪಡೆಯುವ ಹಳೆಯ ಬೈಕುಗಳಲ್ಲಿ ಎಂಜಿನ್ ನಿಧಾನವಾದಾಗ ದೀಪ ಮಂದವಾಗುವುದು ಸಹಜ. ಬಲ್ಬು ಬದಲಿಸಿದರೆ ಅದು ಹೋಗುವುದಿಲ್ಲ. ಎದುರಿನವರ ಕಣ್ಣು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ.

ಈಗಾಗಲೇ ಹೆಚ್ಚು ವ್ಯಾಟಿನ ಬಲ್ಬು ಹಾಕಿಸಿಕೊಂಡಿರುವವರು ಹೆಡ್‌ಲೈಟನ್ನು ಬಿಚ್ಚಿಸಿ, ಹೋಲ್ಡರಿನ ಬಣ್ಣ ಕಂದಿದೆಯೇ, ಬ್ಯಾಟರಿಯಿಂದ ಬರುವ ವೈರಿಗೆ ಫ್ಯೂಸ್ ಇದೆಯೇ ಎಂಬುದನ್ನು ನೋಡಿಸಿ. ಫ್ಯೂಸ್ ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಆ ವೈರನ್ನು ಬ್ಯಾಟರಿಯಿಂದ ಕಳಚಿಸಿಡಿ, ರಾತ್ರಿ ಬೈಕ್ ತೆಗೆಯಬೇಡಿ.